ಕೂಸಿನ ಹೊಟ್ಟೆಯ ಹೆಪ್ಪು

ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತುಗಳನ್ನು ಬೇರೆ ಯಾರಾದರೂ ಹೇಳಲಿ ಎಂದು ಬಹಳ ವರ್ಷ ಕಾದೆ. ಯಾರೂ ಹೇಳಲಿಲ್ಲ. ಹಾಗಾಗಿ ನಾನೇ ಹೇಳಿಕೊಳ್ಳುತ್ತೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಊರುಗಳ ನಡುವಿನ ರಸ್ತೆಗಳಲ್ಲಿ ನನ್ನಷ್ಟು ಚೆಂದಾಗಿ ಸೀಟಿ ಊದಿದ ಕಂಡಕ್ಟರ್ ಇನ್ನೊಬ್ಬನಿರಲಿಲ್ಲ. ನಾನು ರಿಟೈರ್ ಆದ ಮೇಲೂ ಬಸ್ಸುಗಳು ಓಡುತ್ತಿವೆ, ಇಲ್ಲವೆನ್ನುವುದಿಲ್ಲ. ಆದರೆ ಒಳಗೆ ಯಾರೂ ನಗುವುದಿಲ್ಲ. ಎಲ್ಲರೂ ಮೊಬೈಲ್ ಮೇಲೆ ತಲೆ ಬಗ್ಗಿಸಿ ಕೂತಿರುತ್ತಾರೆ, ಸತ್ತವರ ಮನೆಗೆ ಮಾತಾಡಿಸಲು ಹೊರಟವರ ಹಾಗೆ.

ನನ್ನ ಬಸ್ಸಿನಲ್ಲಿ ಹಾಗಿರಲಿಲ್ಲ. ಒಂದು ಉದಾಹರಣೆ ಸಾಕು. ಮುರಗೋಡದ ಒಂದೇ ಮನೆಯ ಇಬ್ಬರು ಸೊಸೆಯಂದಿರು, ಮನೆ ಪಾಲಾದ ಮೇಲೆ ಒಬ್ಬರ ಮುಖ ಒಬ್ಬರು ನೋಡದವರು, ದಿನಾ ಬೆಳಿಗ್ಗೆ ಮೊಸರಿನ ಗಡಿಗೆ ಹೊತ್ತು ಬೈಲಹೊಂಗಲದ ಪೇಟೆಗೆ ಬರುತ್ತಿದ್ದರು. ಒಬ್ಬಳು ಮುಂದಿನ ಬಾಗಿಲಲ್ಲಿ ಹತ್ತಿದರೆ ಇನ್ನೊಬ್ಬಳು ಹಿಂದಿನದರಲ್ಲಿ. ಅವಳ ಮೊಸರು ಎಮ್ಮೆಯೂ ಮೂಸುವುದಿಲ್ಲ ಎಂದು ಇವಳು, ಇವಳದ್ದು ಗೋಡೆ ಸಾರಿಸಲು ಸಹ ಆಗುವುದಿಲ್ಲ ಎಂದು ಅವಳು. ಒಂದು ದಿನ ಸೀಟಿನ ಕೆಳಗಿದ್ದ ಗಡಿಗೆಗಳನ್ನು ನಾನು ಅದಲು ಬದಲು ಮಾಡಿಟ್ಟೆ. ಸಂಜೆ ಇಬ್ಬರೂ ಖಾಲಿ ಗಡಿಗೆ ಹಿಡಿದು, ತಂತಮ್ಮ ಮೊಸರು ಹೇಗೆ ನಿಂತ ಕಾಲ ಮೇಲೆ ಖರ್ಚಾಯಿತೆಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿಕೊಂಡರು. ಬಸ್ಸು ಊರು ಮುಟ್ಟುವ ಹೊತ್ತಿಗೆ ನಾನು ಸತ್ಯ ಬಿಚ್ಚಿಟ್ಟೆ. ಇಬ್ಬರೂ ಸೇರಿ ತಲೆಯ ಸಿಂಬೆ ಬಿಚ್ಚಿ ನನ್ನನ್ನು ಹೊಡೆದರು. ಮರುದಿನದಿಂದ ಒಂದೇ ಸೀಟಿನಲ್ಲಿ ಕೂತು ನನ್ನನ್ನು ಬೈಯತೊಡಗಿದರು. ಪಂಚರು ಕೂಡಿ ಮಾಡಲಾಗದ್ದನ್ನು ನಾನು ಎರಡು ಗಡಿಗೆಯಿಂದ ಮಾಡಿದ್ದೆ.

ಈಗ ಬರೆಯುತ್ತಿರುವುದು ನನ್ನ ಇತ್ತೀಚಿನ ಚೇಷ್ಟೆಯ ಸಂಗತಿ. ಬಸ್ಸಿನಲ್ಲಿ ಮಾಡಿದ್ದೆಲ್ಲ ಇದರ ಮುಂದೆ ಹುಡುಗಾಟ.

ನಮ್ಮ ಮನೆ ಮುರಗೋಡದಲ್ಲಿ. ಮನೆಯೊಳಗೆ ನಾನು, ನನ್ನ ಹೆಂಡತಿ, ಮಗ, ಸೊಸೆ. ಮಗ ಸೊಸೆ ಇಬ್ಬರೂ ಸಭ್ಯರು, ಅವರ ಬಗ್ಗೆ ಬರೆಯಲು ಏನೂ ಇಲ್ಲ. ಹೆಂಡತಿಯ ಬಗ್ಗೆ ಬರೆಯಬೇಕು. ಅವಳು ಉಗರಗೋಳದವಳು. ಅಲ್ಲಿ ಅವಳ ತವರುಮನೆಯವರು ಸವದತ್ತಿಯ ದೇವಿಯ ಗುಡ್ಡಕ್ಕೆ ಬರುವ ಯಾತ್ರಿಕರಿಗೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಮಾರುತ್ತಿದ್ದರು. ಮದುವೆಯಾಗಿ ಬರುವಾಗ ಅವಳು ತಂದ ಆಸ್ತಿಯೆಂದರೆ ಎರಡು. ಒಂದು, ತವರಿನ ಮೊಸರಿನ ಹೆಪ್ಪು. ಇನ್ನೊಂದು, ಮೂಗು.

ಆ ಮೂಗಿನ ಮಹಿಮೆ ನಮ್ಮ ಓಣಿಗೆಲ್ಲ ಗೊತ್ತು. ಯಾರ ಮನೆಯಲ್ಲಾದರೂ ಮೊಸರು ಸರಿಯಾಗಿ ಹೆಪ್ಪಾಗದಿದ್ದರೆ, ಲೋಳೆ ಬಂದರೆ, ಹುಳಿ ಹೆಚ್ಚಾದರೆ, ಹೆಣ್ಣುಮಕ್ಕಳು ಬಟ್ಟಲಿನ ಮೇಲೆ ಹಸಿ ಬಟ್ಟೆ ಮುಚ್ಚಿಕೊಂಡು ಅವಳ ಹತ್ತಿರ ಬರುತ್ತಾರೆ. ಅವಳು ಗೋಡೆಗೆ ಬೆನ್ನು ಕೊಟ್ಟು ಕೂತು, ಕಣ್ಣು ಮುಚ್ಚಿ, ಬಟ್ಟೆಯನ್ನು ತೆಗೆಯದೆಯೇ ಒಮ್ಮೆ ಮೂಸುತ್ತಾಳೆ. ಕಣ್ಣು ತೆರೆದಿದ್ದರೆ ಮೂಗು ಮಂದವಾಗುತ್ತದೆಂಬುದು ಅವಳ ವಾದ. ಆಮೇಲೆ ತೀರ್ಪು. ಇದು ಎಳೆ ಹುಳಿ, ಇದು ಮುದಿ ಹುಳಿ, ಇದರಲ್ಲಿ ನಿನ್ನೆಯ ಹಾಲು ಕೂಡಿದೆ, ಇದನ್ನು ಚೆಲ್ಲು, ನನ್ನ ಹೆಪ್ಪು ಒಯ್ಯಿ. ಕೋರ್ಟಿನ ತೀರ್ಪಿಗೆ ಅಪೀಲು ಉಂಟು, ಅವಳದ್ದಕ್ಕೆ ಇಲ್ಲ. ನನ್ನ ಪೇಟಾವನ್ನು ಮೂಸಿ ನಾನು ಯಾವ ಅಂಗಡಿಯಲ್ಲಿ ಚಹಾ ಕುಡಿದೆನೆಂದು ಹೇಳಿದ ಹೆಂಗಸು ಅವಳು.

ಹೋದ ವರ್ಷ ಮಗನ ಮಗಳು, ಅಂದರೆ ನನ್ನ ಮೊಮ್ಮಗಳು, ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಳು. ಅವಳು ಕಿತ್ತೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಗಂಡನ ಮನೆ ರಾಮದುರ್ಗ. ಹೆರಿಗೆ ಬೈಲಹೊಂಗಲದ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹೆಣ್ಣುಕೂಸು. ಕಿವಿ ನನ್ನವೇ, ಅದೃಷ್ಟವಂತೆ. ಆದರೆ ಮರುದಿನವೇ ಬಾಣಂತಿಗೆ ಜ್ವರ ಹತ್ತಿತು. ಜ್ವರ ಬಿಡುವವರೆಗೆ ಅವಳಿಗೆ ಎದ್ದು ಕೂರುವ ತ್ರಾಣವಿರಲಿಲ್ಲ, ಎದೆಹಾಲು ಬತ್ತಿತು. ಕೂಸು ಅಳುತ್ತಿತ್ತು. ಡಾಕ್ಟರ್ ಸದ್ಯಕ್ಕೆ ಇರಲಿ ಎಂದು ಡಬ್ಬಿ ಹಾಲು ಬರೆದುಕೊಟ್ಟರು. ಮೊಮ್ಮಗಳ ಗಂಡ ಯರಗಟ್ಟಿಯ ಔಷಧದ ಅಂಗಡಿಯಿಂದ ಡಬ್ಬಿಗಳನ್ನು ತಂದಿಟ್ಟು ಹೋದ.

ಡಬ್ಬಿಯ ಹಾಲಿಗೆ ಕೂಸು ಸುಮ್ಮನಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಹೆಂಡತಿ ಸುಮ್ಮನಾದಳು. ಕಾರಣ, ಕೂಸಿನ ಹೇಲು. ನಮ್ಮ ಕಡೆಯ ಮುದುಕಿಯರು ಕೂಸಿನ ಮುಖಕ್ಕಿಂತ ಲಂಗೋಟಿಯನ್ನು ಹೆಚ್ಚು ನೋಡುತ್ತಾರೆ. ಡಬ್ಬಿ ಹಾಲು ಕುಡಿದ ಕೂಸು ದಿನಕ್ಕೊಮ್ಮೆ, ಗಟ್ಟಿಯಾಗಿ, ಕಲಸಿಟ್ಟ ಕಡಲೆ ಹಿಟ್ಟಿನ ಹಾಗೆ ಮಾಡುತ್ತಿತ್ತು. ಹೆಂಡತಿ ಅದನ್ನು ಸೊಸೆಗೂ ತೋರಿಸಿ, ನೋಡಲು ಬಂದವರಿಗೂ ತೋರಿಸಿ, ಕೂಸಿಗೆ ಹಾಲು ಹತ್ತಿದೆ, ಹೊಟ್ಟೆ ನಿಂತಿದೆ ಎಂದು ಸಾರಿದಳು. ಪೇಢೆ ತಿನ್ನಲು ಬಂದವರು ಪಾಪ ಪೇಢೆ ಕೈಯಲ್ಲೇ ಹಿಡಿದುಕೊಂಡು ಕೂತರು.

ಜ್ವರ ಬಿಟ್ಟ ಮೇಲೆ ಮೊಮ್ಮಗಳು ಕೂಸನ್ನು ಎದೆಗೆ ಹಚ್ಚಿಕೊಂಡಳು. ಬತ್ತಿದ ಹಾಲು ಸುಲಭಕ್ಕೆ ಬರುತ್ತದೆಯೇ? ಕೂಸಿಗೆ ಬಾಟಲಿಯ ರೂಢಿ ಬಿದ್ದಿತ್ತು. ಎದೆಗೆ ಹಿಡಿದರೆ ಮುಖ ತಿರುವಿ ಕೂಗುತ್ತಿತ್ತು. ಇವಳು ಬಿಡಲಿಲ್ಲ. ಸಬ್ಬಸಿಗೆ ಪಲ್ಯ ತಿಂದಳು, ಮೆಂತ್ಯದ ಗಂಜಿ ಕುಡಿದಳು, ಹೊತ್ತು ಹೊತ್ತಿಗೂ ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಕೂತಳು. ಹಾಲು ಮೊದಲು ಹನಿಹನಿಯಾಗಿ, ಆಮೇಲೆ ಸರಿಯಾಗಿ ಬರತೊಡಗಿತು. ಬಾಟಲಿ ಕಡಿಮೆಯಾಗುತ್ತ ಬಂದು ಒಂದು ದಿನ ಪೂರಾ ನಿಂತಿತು. ಅವಳ ಮುಖದಲ್ಲಿ ಅಂದು ಕಂಡ ಗೆಲುವು, ನೌಕರಿಯ ಆದೇಶ ಕೈಗೆ ಬಂದ ದಿನವೂ ನಾನು ಕಂಡಿರಲಿಲ್ಲ.

ಆ ಗೆಲುವಿನ ಬೆನ್ನಿಗೇ ತಕರಾರು ಶುರುವಾಯಿತು. ಪೂರ್ತಿ ತಾಯಿಯ ಹಾಲೇ ಆದ ಕೂಡಲೇ ಕೂಸಿನ ಹೇಲು ಬದಲಾಯಿತು. ತೆಳ್ಳಗೆ, ಸಾಸಿವೆಯ ಹಳದಿ, ನಡುನಡುವೆ ಸಣ್ಣ ಹರಳು. ದಿನಕ್ಕೆ ಹಲವು ಬಾರಿ. ಕುಡಿದ ಕೂಡಲೇ ಒಂದು ಸಲ. ಲಂಗೋಟಿ ಒಗೆಯುವ ಕೆಲಸ ನಾನು ಮೇಲೆ ಬಿದ್ದು ತೆಗೆದುಕೊಂಡಿದ್ದೆ. ಮುರಗೋಡದಲ್ಲಿ ಮರಿಮಗಳ ಲಂಗೋಟಿ ಒಗೆದ ಗಂಡಸು ನಾನೊಬ್ಬನೇ ಎಂದು ಕಟ್ಟೆಯ ಮೇಲೆ ಹೇಳಿಕೊಳ್ಳಲು ಬರುತ್ತದಲ್ಲ, ಅದಕ್ಕೆ. ಹಾಗಾಗಿ ಬದಲಾವಣೆ ಮೊದಲು ಗೊತ್ತಾದದ್ದು ನನಗೇ. ಆದರೆ ಬಾಯಿ ಬಿಡಲಿಲ್ಲ. ಹೆಂಡತಿಯ ಕಣ್ಣಿಗೆ ಅದಾಗಿಯೇ ಬಿತ್ತು.

ಅವಳು ಹಗ್ಗದ ತುಂಬ ನೇತಾಡುವ ಹಳದಿ ಕಲೆಯ ಲಂಗೋಟಿಗಳನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಹೊರಸಿನ ಮೇಲೆ ಕೂತಿದ್ದ ಮೊಮ್ಮಗಳಿಗೆ ಹೇಳಿದಳು: "ಯವ್ವಾ, ನಿನ್ನ ಹಾಲು ಕೂಸಿಗೆ ಹತ್ತವಲ್ದು. ಜ್ವರದ ಹಾಲು ಕೆಟ್ಟಿರತೈತಿ. ನಾಳಿಂದ ಮೊಲಿ ಕುಡಸೂದು ಬ್ಯಾಡ. ಹೊಟ್ಟಿ ನಿಲ್ಲೂತನಕ ಡಬ್ಬಿ ಹಾಲ ಇರಲಿ."

ಮೊಮ್ಮಗಳು ಸಿಟ್ಟಿಗೇಳಲಿಲ್ಲ. ಅವಳಿಗೆ ಕ್ಲಾಸು ತೆಗೆದುಕೊಂಡು ರೂಢಿ. ಅಂದು ಮಧ್ಯಾಹ್ನ ಅಜ್ಜಿ, ಅಮ್ಮ, ನಾನು ಮೂವರನ್ನೂ ಕೂರಿಸಿ, ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ಪಾಠ ಶುರು ಮಾಡಿದಳು. ನಾನು ಹಿಂದಿನ ಬೆಂಚಿನವನ ಹಾಗೆ ಬಾಗಿಲ ಹತ್ತಿರ ಕೂತೆ.

ಅವಳು ಹೇಳಿದ್ದಿಷ್ಟು. ತಾಯಿಯ ಹಾಲಿನಲ್ಲಿ ನಾಲಿಗೆಗೆ ಸಿಹಿ ಹತ್ತುವ ಸಕ್ಕರೆ ಒಂದಿದೆ. ಅದನ್ನು ಕತ್ತರಿಸಿ ಅರಗಿಸುವ ಕಿಣ್ವ ಕೂಸಿನ ಕರುಳಿನಲ್ಲೇ ಹುಟ್ಟುತ್ತದೆ. ಆದರೆ ಅದೇ ಹಾಲಿನಲ್ಲಿ ಬೇರೆ ನಮೂನೆಯ ಸಕ್ಕರೆಗಳೂ ಇವೆ, ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ ಬಿದ್ದವು. ಒಂದಲ್ಲ ಎರಡಲ್ಲ, ಬಹಳ ತರದವು. ಅವನ್ನು ಅರಗಿಸಲು ಕೂಸಿಗೆ ಆಗುವುದೇ ಇಲ್ಲ. ಆ ಕೊಂಡಿಗಳನ್ನು ಕಡಿಯುವ ಕಿಣ್ವ ಮನುಷ್ಯನ ಹೊಟ್ಟೆಯಲ್ಲಿಲ್ಲ. ಸರಪಳಿಗಳು ಇದ್ದ ಹಾಗೆಯೇ ಇಳಿದು ದೊಡ್ಡ ಕರುಳಿಗೆ ಹೋಗುತ್ತವೆ.

ನಾನು ಕೈ ಎತ್ತಿದೆ. ಹಲ್ಲಿಲ್ಲದ ನನ್ನ ಕೈಗೆ ಇಡೀ ಕಬ್ಬಿನ ಗಳ ಕೊಟ್ಟ ಹಾಗಾಯಿತಲ್ಲ, ಕೂಸಿಗೆ ದಕ್ಕದ್ದನ್ನು ತಾಯಿಯ ಹಾಲಿನಲ್ಲಿ ಯಾಕೆ ಇಡಬೇಕು ಎಂದು ಕೇಳಿದೆ.

"ಅದು ಕೂಸಿಗಲ್ಲ ಅಜ್ಜಾ," ಎಂದಳು. "ಕೂಸಿನ ಹೊಟ್ಟ್ಯಾಗ ಇರೋ ಬ್ಯಾಕ್ಟೀರಿಯಾಕ್ಕ."

ಅಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೀಡುಬಿಟ್ಟಿರುತ್ತವೆಯಂತೆ. ಅವುಗಳ ಹತ್ತಿರ ಕತ್ತರಿಗಳಿವೆ. ಆ ಕತ್ತರಿಗಳೇ ಕಿಣ್ವ. ಒಂದೊಂದು ಕೊಂಡಿಗೆ ಒಂದೊಂದು ಕತ್ತರಿ. ಈ ಕೊಂಡಿ ಕಡಿಯುವ ಕತ್ತರಿ ಆ ಕೊಂಡಿಗೆ ನಡೆಯುವುದಿಲ್ಲ. ಬೇರೆ ಜಾತಿಯವುಗಳ ಹತ್ತಿರ ಒಂದೋ ಎರಡೋ ಇದ್ದರೆ ಇವುಗಳ ಹತ್ತಿರ ಪೂರ್ತಿ ಸಂಚಿಯೇ ಇದೆ. ಕೆಲವಂತೂ ಇಡೀ ಸರಪಳಿಯನ್ನು ತಮ್ಮ ಹೊಟ್ಟೆಯೊಳಗೆ ಎಳೆದುಕೊಂಡು ಅಲ್ಲೇ ಕತ್ತರಿಸಿ ತಿನ್ನುತ್ತವೆ, ಹೊರಗಿದ್ದವಕ್ಕೆ ಚೂರೂ ಸಿಗದ ಹಾಗೆ. ಇದನ್ನು ಕೇಳಿ ನನಗೆ ನಮ್ಮ ಓಣಿಯ ಒಬ್ಬರ ನೆನಪಾಯಿತು. ಮದುವೆಯ ಪಂಕ್ತಿಯಲ್ಲಿ ಬುಂದೆ ಉಂಡಿಯನ್ನು ಎಲೆಯ ಮೇಲೆ ಒಡೆಯದೆ, ಇಡಿಯಾಗಿ ಅಂಗಿಯ ಕಿಸೆಗೆ ಇಳಿಸಿ ಮನೆಗೆ ಹೋಗಿ ತಿನ್ನುವವರು. ಹೆಸರು ಹೇಳುವುದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ತಿಂದ ಮೇಲೆ ಈ ಬ್ಯಾಕ್ಟೀರಿಯಾಗಳು ಹುಳಿ ಬಿಡುತ್ತವೆ. ಆ ಹುಳಿ ಕೂಸಿನ ಕರುಳಿಗೆ ಒಳ್ಳೆಯದು. ಹುಳಿಯಾದ ಜಾಗದಲ್ಲಿ ರೋಗ ತರುವ ಬ್ಯಾಕ್ಟೀರಿಯಾಗಳಿಗೆ ಕಾಲೂರಲು ಕಷ್ಟ. ತಾಯಿ ಹಾಲು ಕುಡಿಯುವ ಕೂಸು ತೆಳ್ಳಗೆ, ಹಳದಿಯಾಗಿ, ಹುಳಿ ವಾಸನೆಯಾಗಿ ಮಾಡುವುದು ಅದಕ್ಕೇ. ಡಬ್ಬಿಯ ಹಾಲಿನಲ್ಲಿ ಆ ಸರಪಳಿ ಸಕ್ಕರೆಗಳು ಇಲ್ಲ, ಅಥವಾ ಇದ್ದರೂ ಒಂದೆರಡು ತರದವು ಮಾತ್ರ. ಆದ್ದರಿಂದ ಕಡಲೆ ಹಿಟ್ಟು. ಡಬ್ಬಿಯ ಹಾಲು ವಿಷವಲ್ಲ, ಬೇಕಾದಾಗ ಅದು ಈ ಕೂಸನ್ನೇ ಕಾಪಾಡಿದೆ ಎಂದೂ ಹೇಳಿದಳು. ಈಗ ಅದರ ಗರಜು ಇಲ್ಲ, ಅಷ್ಟೇ.

ಪಾಠ ಚೆನ್ನಾಗಿತ್ತು. ನನ್ನ ಮೊಮ್ಮಗಳು, ಚೆನ್ನಾಗಿರದೆ ಏನಾದೀತು? ಸೊಸೆ ತಲೆ ಆಡಿಸಿದಳು. ಆದರೆ ಅವಳು ಅತ್ತೆಯ ಮುಂದೆಯೂ ತಲೆ ಆಡಿಸುವವಳು, ಮಗಳ ಮುಂದೆಯೂ ಆಡಿಸುವವಳು, ಹಾಗಾಗಿ ಆ ಓಟು ಲೆಕ್ಕಕ್ಕಿಲ್ಲ. ನನ್ನ ಹೆಂಡತಿ ಮಾತ್ರ ಸೆರಗು ಕೊಡವಿಕೊಂಡು ಎದ್ದಳು. ಹೊಟ್ಟೆಯಲ್ಲಿ ಹುಳ ಇದ್ದರೆ ಔಷಧಿ ಹಾಕಿ ಬೀಳಿಸಬೇಕು, ಹಾಲು ಹಾಕಿ ಸಾಕುತ್ತಾರೇನು ಎಂದಳು.

ಮೊಮ್ಮಗಳು ಬೈಲಹೊಂಗಲದ ಡಾಕ್ಟರಿಗೆ ಫೋನು ಹಚ್ಚಿದಳು. ಅವರು ಬಹಳ ಪ್ರಶ್ನೆ ಕೇಳಿದರು. ಕೂಸಿಗೆ ಜ್ವರ ಇದೆಯೇ, ಒಂದಕ್ಕೆ ಸರಿಯಾಗಿ ಹೋಗುತ್ತದೆಯೇ, ಎದೆಗೆ ಹಿಡಿದರೆ ಚುರುಕಾಗಿ ಕುಡಿಯುತ್ತದೆಯೇ, ಹೇಲಿನಲ್ಲಿ ರಕ್ತ ಇದೆಯೇ. ಎಲ್ಲ ಸರಿಯಿದೆಯೆಂದು ತಿಳಿದು, ತಾಯಿ ಹಾಲನ್ನೇ ಮುಂದುವರಿಸಿ, ಸೋಮವಾರ ತೂಕಕ್ಕೆ ಕರೆತನ್ನಿ ಎಂದರು. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು.

"ಫೋನಿಗೇನು ಕಣ್ಣ ಅದಾವೇನು, ಮೂಗ ಐತೇನು?" ಎಂದಳು ನನ್ನ ಹೆಂಡತಿ. "ನಾ ಇಲ್ಲಿ ಕುಂತ ನೋಡಾಕತ್ತೇನಿ. ಸೋಮಾರತನಕ ಕೂಸು ಹಿಂಗ ಹರಕೊಂತ ಹೋದ್ರ ಏನ ಉಳೀತೈತಿ?"

ಅವಳದ್ದು ಸುಳ್ಳು ಭಯವಲ್ಲ. ಅವಳ ತವರಿನಲ್ಲಿ ಹೊಟ್ಟೆ ಹರಿದು ಕೂಸುಗಳು ಹೋದದ್ದನ್ನು ಅವಳು ಕಣ್ಣಾರೆ ಕಂಡವಳು. ಅದು ನನಗೂ ಗೊತ್ತು, ಮೊಮ್ಮಗಳಿಗೂ ಗೊತ್ತು. ಅದಕ್ಕೇ ಯಾರೂ ಅವಳಿಗೆ ಎದುರಾಡಲಿಲ್ಲ. ಅವಳು ಬಾಟಲಿ ಕುದಿಸಿ, ಒಣಗಿಸಿ, ಬೆಳಿಗ್ಗೆಗೆಂದು ಒಲೆಯ ಪಕ್ಕ ಇಟ್ಟಳು.

ಸಂಜೆ ನಾನು ಲಂಗೋಟಿ ಮಡಚುತ್ತ ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತಿದ್ದೆ. ಮೊಮ್ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಳುತ್ತಿದ್ದಾಳೆಂದು ಬೆನ್ನು ನೋಡಿಯೇ ತಿಳಿಯಿತು.

"ಅಜ್ಜಾ," ಎಂದಳು ತಿರುಗದೆಯೇ. "ಹಾಲು ಒಮ್ಮಿ ಬತ್ತಿ ಮತ್ತ ಬಂದಾವು. ಈಗ ಬಿಡಿಸಿದ್ರ ಮತ್ತ ಬರೂದಿಲ್ಲ. ನನಗ ಇನ್ನೊಮ್ಮಿ ಅಷ್ಟ ಜೀವ ಇಲ್ಲ. ಆಯಿಗೆ ನೀನಾರ ಹೇಳ."

ಹೇಳುವುದೇ? ಆ ಹೆಂಗಸಿಗೆ? ಮದುವೆಯಾದಾಗಿನಿಂದ ನಾನು ಹೇಳಿದ್ದೊಂದನ್ನೂ ಅವಳು ಕೇಳಿಲ್ಲ. ಎಡಕ್ಕೆ ಎಂದರೆ ಬಲಕ್ಕೆ ಹೋಗಿ, ಬಲಕ್ಕೇ ಊರು ಸಿಕ್ಕಿತೆಂದು ತೋರಿಸುವವಳು. ಅವಳು ಕೇಳುವುದು ಒಬ್ಬರ ಮಾತನ್ನು ಮಾತ್ರ, ಅದು ಅವಳದ್ದೇ. ಆದ್ದರಿಂದ ಆ ಮಾತನ್ನು ಅವಳ ಬಾಯಿಂದಲೇ ಹೊರಡಿಸಬೇಕು. ಹೇಗೆಂಬುದು ನನಗೆ ಲಂಗೋಟಿಯ ನಾಲ್ಕನೇ ಮಡಿಕೆಗೆ ಹೊಳೆಯಿತು. ಬುದ್ಧಿ ಅಂದರೆ ಹಾಗಿರಬೇಕು.

ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ಕೂಸು ಎದೆಹಾಲು ಕುಡಿದು ಪದ್ಧತಿಯಂತೆ ತನ್ನ ಕೆಲಸ ಮುಗಿಸಿತ್ತು. ಆ ಲಂಗೋಟಿಯನ್ನು ನಾನು ನೀರಿಗೆ ಹಾಕಲಿಲ್ಲ. ಹಿತ್ತಲಲ್ಲಿ ಕೋಳಿಗೆ ನೀರಿಡುವ ಅಲ್ಯೂಮಿನಿಯಂ ಬಟ್ಟಲು ಇತ್ತು. ಅದನ್ನು ತಿಕ್ಕಿ ತೊಳೆದು, ಲಂಗೋಟಿಯನ್ನು ಅದರೊಳಗಿಟ್ಟು, ಮೇಲೆ ತೆಳುವಾದ ಬಿಳಿ ಬಟ್ಟೆಯನ್ನು ಹಸಿ ಮಾಡಿ ಮುಚ್ಚಿದೆ. ಅಂಚುಗಳನ್ನು ಕೆಳಗೆ ಸಿಕ್ಕಿಸಿದೆ. ಓಣಿಯ ಹೆಣ್ಣುಮಕ್ಕಳು ತರುವ ಹಾಗೆಯೇ ಆಯಿತು. ಅಡುಗೆಮನೆಯ ಪಾತ್ರೆಯನ್ನು ನಾನು ಮುಟ್ಟಲಿಲ್ಲ ಎಂಬುದನ್ನು ಇಲ್ಲಿ ದಾಖಲು ಮಾಡುತ್ತೇನೆ. ನನಗೂ ಒಂದು ಸಂಸ್ಕಾರ ಇದೆ.

ಹೆಂಡತಿ ಚಹಾ ಕುಡಿದು ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಒಳಗೆ ಸೊಸೆ ಬಾಟಲಿಗೆ ನೀರು ಕಾಯಿಸುತ್ತಿದ್ದಳು. ನಾನು ಬಟ್ಟಲು ಹಿಡಿದು ಬಂದು, ಹಿಂದಿನ ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಮೊದಲ ಸಲ ಹೆಪ್ಪು ಹಾಕಿದ್ದಾಳಂತೆ, ನಿನಗೆ ತೋರಿಸಲು ನಾಚಿಕೆಯಂತೆ, ನನ್ನ ಕೈಯಲ್ಲಿ ಕೊಟ್ಟು ಬಾಗಿಲ ಹೊರಗೇ ನಿಂತಿದ್ದಾಳೆ ಎಂದು ಹೇಳಿದೆ. ಮೂಗಿಗೆ ಕೆಲಸ ಸಿಕ್ಕರೆ ಅವಳು ಒಲ್ಲೆ ಎನ್ನುವುದಿಲ್ಲ. ಕಣ್ಣು ಮುಚ್ಚಿದಳು. ನಾನು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದೆ, ತೀರ ಹತ್ತಿರವಲ್ಲ.

ಅವಳು ಒಮ್ಮೆ ಮೂಸಿದಳು. ತಡೆದು, ಇನ್ನೊಮ್ಮೆ ಮೂಸಿದಳು. ನಾನು ಉಸಿರು ಹಿಡಿದೆ. ಮೊದಲನೆಯದಾಗಿ ಭಯದಿಂದ.

"ಎಳೀ ಹುಳಿ," ಎಂದಳು. "ಹೆಪ್ಪು ಚಲೋ ಹಿಡದೈತಿ. ಲೋಳಿ ಇಲ್ಲ. ಕೊಳತ ವಾಸನಿ ಇಲ್ಲ. ಆಕಳ ಹಾಲೇನು? ಎಮ್ಮೀದ ಅಲ್ಲ ಇದು, ಸಿಹಿ ಐತಿ."

ಎಮ್ಮೆಯದ್ದಂತೂ ಅಲ್ಲ ಎಂದೆ. ನನ್ನ ಪಾಲಿಗೆ ಅದು ಆ ಬೆಳಗಿನ ಒಂದೇ ಸತ್ಯ. ನೋಡಲು ಸ್ವಲ್ಪ ತೆಳ್ಳಗಿದೆ, ಅದಕ್ಕೇ ಆ ಹುಡುಗಿ ಹೆದರಿದ್ದಾಳೆ, ಚೆಲ್ಲಿಬಿಟ್ಟು ಪಾಕೀಟಿನ ಹಾಲಿಗೆ ಹೊಸ ಹೆಪ್ಪು ಹಾಕಲೇನು ಎಂದು ಕೇಳುತ್ತಾಳೆ ಎಂದೆ.

"ಎದಕ್ಕ ಚೆಲ್ಲಬೇಕು? ಹೆಪ್ಪು ಈಗ ಹಿಡಿಯಾಕತ್ತೈತಿ, ತೆಳ್ಳಗ ಇರೂದ. ಒಂದ ಹಾಲಿಗೆ ಹೊಂದಿದ ಹೆಪ್ಪಿಗೆ ನಡುವ ಬ್ಯಾರೆ ಹಾಲ ಹಾಕಿದ್ರ ಕೆಡತೈತಿ. ಅದ ಹಾಲ ನಡಸು ಅಂತ ಹೇಳ್ರಿ ಆಕಿಗೆ. ಹಾಲ ಬದಲಸಬ್ಯಾಡ ಅನ್ರಿ."

ಕೋಣೆಯ ಬಾಗಿಲಲ್ಲಿ ಮೊಮ್ಮಗಳು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಗೆಯಲು ಒಯ್ದ ಲಂಗೋಟಿ ಹಗ್ಗದ ಮೇಲೆ ಕಾಣದೆ, ನನ್ನ ಕೈಯಲ್ಲಿ ಬಟ್ಟಲು ಕಂಡು, ಅವಳಿಗೆ ಎಲ್ಲ ತಿಳಿದುಹೋಗಿತ್ತು. ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಆದರೂ ಸಪ್ಪಳ ಹೊರಬಿತ್ತು.

ಹೆಂಡತಿ ಕಣ್ಣು ತೆರೆದಳು. ಮೊಮ್ಮಗಳನ್ನು ನೋಡಿದಳು. ನನ್ನನ್ನು ನೋಡಿದಳು. ಬಟ್ಟಲಿನ ಅಂಚಿನಲ್ಲಿ ಕೋಳಿ ಕುಕ್ಕಿದ ಗುರುತುಗಳನ್ನು ನೋಡಿದಳು. ಆಮೇಲೆ ಎರಡು ಬೆರಳಿನಿಂದ ಬಟ್ಟೆಯನ್ನು ಎತ್ತಿದಳು.

ಕೂಗಾಡುತ್ತಾಳೆಂದು ನಾನು ಅಂಗಳದ ದಾರಿ ನೋಡಿಕೊಂಡಿದ್ದೆ. ಕೂಗಲಿಲ್ಲ. ಬಹಳ ಹೊತ್ತು ಅದನ್ನು ನೋಡುತ್ತ ಕೂತಳು. ಕೊನೆಗೆ ಬಟ್ಟೆಯನ್ನು ಮೊದಲಿದ್ದಂತೆಯೇ ಮುಚ್ಚಿ, ಬಟ್ಟಲನ್ನು ನನ್ನ ಕಡೆಗೆ ಸರಿಸಿ, ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು. ಎಷ್ಟು ಸಲ ತೊಳೆದಳೆಂದರೆ ನಮ್ಮ ಹಂಡೆ ಖಾಲಿಯಾಯಿತು. ಅಲ್ಲಿಂದಲೇ ಸೊಸೆಗೆ ನೀರು ಕಾಯಿಸುವುದು ಸಾಕು, ಒಲೆ ಆರಿಸು ಎಂದಳು.

ನನ್ನ ಕೂಡ ಮಾತು ಬಂದ್. ಮಧ್ಯಾಹ್ನ ನನ್ನ ತಾಟಿನಲ್ಲಿ ಕಟಕ ರೊಟ್ಟಿ ಮತ್ತು ಒಣ ಖಾರ ಬಿತ್ತು. ಹಲ್ಲಿಲ್ಲದವನಿಗೆ ಕಟಕ ರೊಟ್ಟಿ. ನೀರಿನಲ್ಲಿ ನೆನೆಸಿಕೊಂಡು ತಿಂದೆ. ಗೆದ್ದವನಿಗೆ ಯಾವ ಊಟವೂ ರುಚಿಯೇ.

ಸಂಜೆ ದೀಪ ಹಚ್ಚಿದ ಮೇಲೆ ಅವಳು ಬಾಣಂತಿ ಕೋಣೆಗೆ ಹೋಗಿ ಕೂತಳು. ನಾನು ಹೊರಗೆ ಕಿವಿಯನ್ನು ಬಾಗಿಲಿಗೆ ಕೊಟ್ಟು ಕಟ್ಟೆಯ ಮೇಲೆ ಅಡ್ಡಾಗಿದ್ದೆ. ಬಹಳ ಹೊತ್ತು ಕೂಸಿನ ಕಾಲು ನೀವುತ್ತ ಕೂತವಳು, ಆ ಬ್ಯಾಕ್ಟೀರಿಯಾ ಎಲ್ಲಿಂದ ಬಂದವು ಎಂದು ಮೆಲ್ಲಗೆ ಕೇಳಿದಳು. ಹೆಪ್ಪಿಗೆ ಹೆಪ್ಪು ಬೇಕಲ್ಲ, ತಾನಾಗಿಯೇ ಹುಟ್ಟುವುದಿಲ್ಲವಲ್ಲ.

ಹೆಚ್ಚಿನವು ತಾಯಿಯಿಂದ ಬರುತ್ತವೆ ಎಂದಳು ಮೊಮ್ಮಗಳು. ಹುಟ್ಟುವಾಗ ಕೆಲವು, ಹಾಲಿನಲ್ಲಿ ಕೆಲವು, ಮೈಗೆ ಮೈ ತಾಗಿ ಕೆಲವು. ತನಗೆ ತನ್ನ ಅವ್ವನಿಂದ, ಅವ್ವನಿಗೆ ಅವಳ ಅವ್ವನಿಂದ.

ನಾನು ಲೆಕ್ಕ ಹಾಕಿದೆ. ಮೊಮ್ಮಗಳ ಅವ್ವ ನಮ್ಮ ಸೊಸೆ. ಸೊಸೆಯ ತವರು ಸವದತ್ತಿ. ಅಂದರೆ ಉಗರಗೋಳದ ಹೆಪ್ಪು ಈ ಸಾಲಿನಲ್ಲಿ ಎಲ್ಲಿಯೂ ಬರುವುದಿಲ್ಲ. ನನ್ನ ಹೆಂಡತಿಯೂ ಅದೇ ಲೆಕ್ಕ ಹಾಕಿದ್ದಿರಬೇಕು.

"ಅಂದ್ರ ನಂದ ಏನೂ ಇಲ್ಲೇನು ಇದರಾಗ?" ಎಂದಳು.

ಅವಳ ಧ್ವನಿ ಹಾಗೆ ಸಣ್ಣದಾದದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ. ನಗಬೇಕೆಂದುಕೊಂಡವನಿಗೆ ನಗು ಬರಲಿಲ್ಲ.

"ನನ್ನ ಎರದಾಕಿ ಯಾರು, ತೊಡಿ ಮ್ಯಾಲ ಹಾಕ್ಕೊಂಡ ಬೆಳಸಿದಾಕಿ ಯಾರು?" ಎಂದಳು ಮೊಮ್ಮಗಳು. "ಮನ್ಯಾಗ ಯಾರ ಎತಗೋತಾರ, ಅವರ ಕೈಯಿಂದನೂ ಬರತಾವ ಆಯಿ. ನಿನ್ನ ಕೈಯಾಗಿಂದ ನನಗ ಬಂದಿರಬೇಕು."

"ಬಂದಿರಬೇಕು ಅಲ್ಲ, ಬಂದಾವ," ಎಂದಳು ಹೆಂಡತಿ. ಧ್ವನಿ ಮೊದಲಿನ ಗಾತ್ರಕ್ಕೆ ಬಂದಿತ್ತು. "ಈ ಮನ್ಯಾಗ ನನ್ನ ಕೈ ಹತ್ತದ ಏನೂ ಹೆಪ್ಪಾಗಿಲ್ಲ."

ಆದರೂ ಅವಳು ಅಷ್ಟಕ್ಕೇ ಬಿಡುವವಳಲ್ಲ. ಒಂದು ಕರಾರು ಹಾಕಿದಳು. ಸೋಮವಾರದ ತನಕ ಎದೆಹಾಲು ನಡೆಯಲಿ. ತೂಕದ ದಿನ ತಾನೂ ಬರುತ್ತೇನೆ. ಕೂಸಿನ ಮೈ ಏರಿದ್ದರೆ ಸರಿ. ಇಳಿದಿದ್ದರೆ ಯಾರ ಪಾಠವನ್ನೂ ಕೇಳುವುದಿಲ್ಲ, ಡಬ್ಬಿ ಬಿಚ್ಚುವುದೇ. ಮೊಮ್ಮಗಳು ಒಪ್ಪಿದಳು. ಒಪ್ಪಿದಳು ಎನ್ನುವುದಕ್ಕಿಂತ, ಬೇರೆ ದಾರಿ ಇರಲಿಲ್ಲ. ಜ್ವರದ ಔಷಧಿಗಳು ತನ್ನ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನೂ ಕೊಂದಿದ್ದರೆ ಎಂಬ ಅಳುಕು ಅವಳಿಗೂ ಇತ್ತು. ಪುಸ್ತಕದಲ್ಲಿ ಓದಿದ್ದು ಬೇರೆ, ತನ್ನ ತೊಡೆಯ ಮೇಲಿನ ಕೂಸು ಬೇರೆ. ಅದನ್ನು ಅವಳು ಅಜ್ಜಿಗೆ ಹೇಳಲಿಲ್ಲ, ನನಗೆ ಹೇಳಿದಳು.

ಸೋಮವಾರದ ತನಕ ಮನೆಯಲ್ಲಿ ಕೂಸಿನ ಮೈ ತಡವುವುದೇ ಕೆಲಸವಾಯಿತು. ಹೆಂಡತಿ ಎರೆಯುವಾಗ ತೊಡೆ ಹಿಡಿದು ನೋಡುವಳು. ಸೊಸೆ ಕೆನ್ನೆ ಮುಟ್ಟುವಳು. ಮೊಮ್ಮಗಳು ಕುಡಿಸಿದ ಮೇಲೆ ಹೊಟ್ಟೆಯ ಮೇಲೆ ಅಂಗೈ ಇಡುವಳು. ನಾನು ಎಲ್ಲರಿಗೂ ಏರಿದೆ, ಏರಿದೆ ಎಂದು ಹೇಳುತ್ತ ತಿರುಗುತ್ತಿದ್ದೆ. ಬಸ್ಸಿನಲ್ಲಿ ತುಂಬಿದ ಮೇಲೂ ಜಾಗ ಇದೆ ಬನ್ನಿ ಎಂದು ಹೇಳಿ ರೂಢಿಯಾದ ಬಾಯಿ.

ಆ ದಿನ ಬೆಳಗಿನ ಬಸ್ಸಿಗೆ ನಾವು ನಾಲ್ಕು ಜನ ಬೈಲಹೊಂಗಲಕ್ಕೆ ಹೋದೆವು, ಕೂಸನ್ನು ಜನರಲ್ಲಿ ಎಣಿಸಿದರೆ. ಆಸ್ಪತ್ರೆಯಲ್ಲಿ ಗದ್ದಲ. ನಮ್ಮ ಪಾಳಿ ಬಂದಾಗ ನರ್ಸಮ್ಮ ಕೂಸಿನ ಬಟ್ಟೆಗಳನ್ನೆಲ್ಲ ಬಿಚ್ಚಿ ತಕ್ಕಡಿಯ ಮೇಲೆ ಇಟ್ಟಳು. ಅಂಕಿಗಳು ಓಡಾಡಿದವು. ಕೂಸು ಕೈಕಾಲು ಬಡಿಯುತ್ತಿದ್ದರೆ ಅವು ನಿಲ್ಲುವುದೇ ಇಲ್ಲ. ಮೊಮ್ಮಗಳು ನನ್ನ ತೋಳು ಹಿಡಿದಿದ್ದಳು. ಉಗುರು ನಟ್ಟಿತ್ತು. ಹೆಂಡತಿಗೆ ಅಂಕಿ ಓದಲು ಬರುವುದಿಲ್ಲ. ಅವಳು ತಕ್ಕಡಿ ನೋಡಲಿಲ್ಲ, ನರ್ಸಿನ ಮುಖವನ್ನೇ ನೋಡುತ್ತ ನಿಂತಳು.

ನರ್ಸು ಬರೆದುಕೊಂಡು ಡಾಕ್ಟರಮ್ಮನ, ನಮ್ಮ ಕಡೆ ಹೇಳುವಂತೆ ಡಾಕ್ಟರ್ ಬಾಯಿಯವರ, ಕೈಗೆ ಕೊಟ್ಟಳು. ಅವರು ಹಳೆಯ ತೂಕದ ಜೊತೆ ಹೊಂದಿಸಿ ನೋಡಿದರು. ಕೂಸು ಚೆನ್ನಾಗಿ ಏರಿದೆ, ಡಬ್ಬಿಯ ಅಗತ್ಯವೇ ಇಲ್ಲ, ಆರು ತಿಂಗಳಾಗುವವರೆಗೂ ಎದೆಹಾಲು ಬಿಟ್ಟು ಬೇರೆ ಏನೂ ಬೇಡ ಎಂದರು. ನನ್ನ ತೋಳಿನಿಂದ ಉಗುರುಗಳು ಬಿಟ್ಟವು. ಮೊಮ್ಮಗಳು ಕೂಸಿಗೆ ಅಂಗಿ ತೊಡಿಸಲು ಹೋಗಿ ಎರಡೂ ಕೈಗಳನ್ನು ಒಂದೇ ತೋಳಿನಲ್ಲಿ ತುರುಕುತ್ತಿದ್ದಳು, ಕಣ್ಣು ಕಾಣದೆ.

ಡಾಕ್ಟರ್ ಬಾಯಿ ನನ್ನ ಹೆಂಡತಿಯ ಕಡೆಗೆ ತಿರುಗಿ, ತಾಯಿ ಹಾಲು ಕುಡಿಯುವ ಕೂಸು ತೆಳ್ಳಗೆ ಮಾಡಿದರೆ ಹೆದರಬಾರದು ಎಂದು ಬಿಡಿಸಿ ಹೇಳತೊಡಗಿದರು.

"ಅದು ನನಗ ಗೊತ್ತೈತಿ ಬಿಡ್ರಿ, ಬಾಯಾರ," ಎಂದಳು ಹೆಂಡತಿ. "ನಾ ಮೊದಲ ಮೂಸಿ ನೋಡೇನಿ. ಹಾಲ ಬದಲಸಬ್ಯಾಡ ಅಂತ ನಾನ ಹೇಳೇನಿ. ಕೇಳ್ರಿ ಬೇಕಾದ್ರ ಇವರಿಗೆ."

ಡಾಕ್ಟರ್ ಬಾಯಿ ನನ್ನನ್ನು ನೋಡಿದರು. ನಾನು ಹೌದು ಎಂದೆ. ಅವಳು ಹೇಳಿದ್ದು ಅಕ್ಷರಶಃ ನಿಜ. ಇಡೀ ಜೀವನದಲ್ಲಿ ನನ್ನ ಚೇಷ್ಟೆಯ ಹೆಸರನ್ನು ಬೇರೆಯವರು ಕಸಿದುಕೊಂಡು ಹೋದದ್ದು ಅದೊಂದೇ ಸಲ.

ಮರಳುವ ಬಸ್ಸು ಅರ್ಧ ಖಾಲಿಯಿತ್ತು. ಹೊಸ ಹುಡುಗ ಕಂಡಕ್ಟರ್, ಸೀಟಿ ಊದಲು ಬರುವುದಿಲ್ಲ, ತುಟಿ ಸಡಿಲ. ಊರು ದಾಟಿ ಜೋಳದ ಹೊಲಗಳು ಶುರುವಾದ ಕೂಡಲೇ ಕೂಸು ಹಸಿದು ಕೂಗತೊಡಗಿತು. ಮೊಮ್ಮಗಳು ಸುತ್ತ ನೋಡಿದಳು. ಎದುರಿನ ಸೀಟಿನಲ್ಲಿ ಗಂಡಸರಿದ್ದರು, ಪಕ್ಕದಲ್ಲೂ ಇದ್ದರು. ಊರು ಮುಟ್ಟುವ ತನಕ ತಡೆಯೋಣವೆಂದು ಅವಳು ಕೂಸನ್ನು ತಟ್ಟುತ್ತಿದ್ದಳು.

ನನ್ನ ಹೆಂಡತಿ ಎದ್ದಳು. ಓಡುವ ಬಸ್ಸಿನಲ್ಲಿ, ಆ ವಯಸ್ಸಿನಲ್ಲಿ, ಒಂದು ಕೈಯಿಂದ ಸೀಟಿನ ಕಂಬಿ ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ಉದ್ದಕ್ಕೆ ಎಳೆದು ಮೊಮ್ಮಗಳ ಮುಂದೆ ಹಿಡಿದು ನಿಂತಳು.

"ಕುಡಸು," ಎಂದಳು. ನನಗೆ, "ನೀವು ಆ ಕಡೆ ನೋಡ್ರಿ."

ನಾನು ಕಿಟಕಿಯ ಕಡೆ ತಿರುಗಿದೆ. ಕೂಗು ನಿಂತಿತು. ಬಸ್ಸು ತಗ್ಗು ದಿನ್ನೆಗಳಲ್ಲಿ ಏಳುತ್ತ ಬೀಳುತ್ತ ಹೋಗುತ್ತಿತ್ತು. ಇಂಜಿನ್ನಿನ ಸದ್ದು ಸ್ವಲ್ಪ ತಗ್ಗಿದಾಗಲೆಲ್ಲ ಬೆನ್ನ ಹಿಂದಿನಿಂದ ಕೂಸು ಗುಟುಕು ಗುಟುಕಾಗಿ ನುಂಗುವ ಸಪ್ಪಳ ಕೇಳುತ್ತಿತ್ತು. ಖಾಲಿ ಸೀಟು ಇದೆ, ಕುಳಿತುಕೊಳ್ಳಿ ಅಮ್ಮಾ ಎಂದು ಕಂಡಕ್ಟರ್ ಹುಡುಗ ಬಂದು ಹೇಳಿದ. ಅವಳು ಕೂರಲಿಲ್ಲ. ಮುರಗೋಡ ಬರುವ ತನಕ ಹಾಗೆಯೇ ನಿಂತಿದ್ದಳು.